ಗಾಲಿ ಮಲಗಿಸಿದ ಕಳೆ

ದೇವೇಂದ್ರಪ್ಪನಿಗೆ ಒಂದು ಚಟ. ಬೀಡಿಯಲ್ಲ, ಎಲೆಯಡಿಕೆಯೂ ಅಲ್ಲ. ತಾನು ಕಳೆ ಹೊಡೆದ ಸೈಟನ್ನು ವಾರ ಬಿಟ್ಟು ಮತ್ತೆ ಹೋಗಿ ನೋಡುವುದು. ಮೂಡಲಪಾಳ್ಯದ ಬಾಡಿಗೆ ಮನೆಯಿಂದ ಹೊರಟು, ನಾಗರಬಾವಿಯಲ್ಲೋ ದೀಪಾಂಜಲಿ ನಗರದಲ್ಲೋ ಯಾರದೋ ಖಾಲಿ ಸೈಟಿನ ಬೇಲಿ ಹಿಡಿದು ನಿಂತು, ಎಲ್ಲಾದರೂ ಒಂದು ಕಡ್ಡಿ ತಲೆಯೆತ್ತಿದೆಯೇ ಎಂದು ಹುಡುಕುತ್ತಾನೆ. ಕಂಡರೆ ಅವತ್ತು ಊಟ ಸೇರುವುದಿಲ್ಲ. “ಆ ಕಸಾನ ಲಗ್ನಾ ಮಾಡ್ಕೋಬೇಕಿತ್ತ ನೀವು” ಎಂದು ಹೆಂಡತಿ ಮುತ್ತವ್ವ ರೇಗಿಸುತ್ತಾಳೆ.

ರೋಣದ ಕಡೆಯಿಂದ ಬಂದು ಹದಿನೇಳು ವರ್ಷವಾಯಿತು. ಮೊದಲು ಯಾರದೋ ನೀರಿನ ಟ್ಯಾಂಕರ್ ಎಳೆದ. ಆಮೇಲೆ ಹಳೆಯ ಟ್ರ್ಯಾಕ್ಟರೊಂದನ್ನು ಕೊಂಡು, ಹಿಂದೆ ಕಟರ್ ಕಟ್ಟಿಕೊಂಡು, ಕಳೆ ಹೊಡೆಯುವುದನ್ನೇ ಕಸುಬು ಮಾಡಿಕೊಂಡ. ಈ ಊರಲ್ಲಿ ಸೈಟು ಕೊಳ್ಳುವವರಿಗೆ ಆಮೇಲೆ ಅದರ ನೆನಪೇ ಇರುವುದಿಲ್ಲ. ಪಕ್ಕದ ಮನೆಯವರು ಹಾವು ಕಂಡು ಕಿರುಚಿದಾಗಲೇ ನೆನಪಾಗುವುದು. ಆಗ ದೇವೇಂದ್ರಪ್ಪನಿಗೆ ಫೋನು.

ಅವನ ಕೆಲಸಕ್ಕೆ ಅವನದೇ ಮಡಿ. ಇಬ್ಬನಿ ಆರುವ ತನಕ ಗಾಡಿ ಇಳಿಸುವುದಿಲ್ಲ. ಹಸಿ ಕಳೆ ಬ್ಲೇಡಿಗೆ ಸುತ್ತಿಕೊಳ್ಳುತ್ತದೆ. ಬ್ಲೇಡನ್ನು ತಾನೇ ಸಾಣೆ ಹಿಡಿಯಬೇಕು, ಮೊಂಡಾದರೆ ಅದು ಕೊಯ್ಯುವುದಿಲ್ಲ, ಜಜ್ಜುತ್ತದೆ. ಎಂಜಿನ್ ಪೂರ್ತಿ ಜೋರಾಗಿರಬೇಕು, ಗಾಡಿ ಮಾತ್ರ ಮುದುಕರು ನಡೆದಷ್ಟೇ ನಿಧಾನ. ಆಳೆತ್ತರದ ಕಳೆಯಾದರೆ ಎರಡು ಸಲ ಹೊಡೆಯಬೇಕು: ಕಟರನ್ನು ಮೊಣಕಾಲೆತ್ತರಕ್ಕೆ ಎತ್ತಿಟ್ಟು ಒಂದು ಸಲ, ಆಮೇಲೆ ಕೆಳಗಿಳಿಸಿ ಎದುರು ದಿಕ್ಕಿನಿಂದ ಇನ್ನೊಂದು ಸಲ. ಯಾಕೆಂದರೆ ಕಟರ್ ಇರುವುದು ಹಿಂದೆ. ಅದು ಬರುವ ಮೊದಲೇ ಗಾಲಿಗಳು ಒಂದಷ್ಟು ಗಿಡಗಳನ್ನು ಮಲಗಿಸಿಬಿಟ್ಟಿರುತ್ತವೆ. ಬ್ಲೇಡಿಗೆ ಸಿಗದ ಆ ಕಳ್ಳರು ಎರಡು ದಿನ ಬಿಟ್ಟು ಏನೂ ಆಗದವರಂತೆ ಎದ್ದು ನಿಲ್ಲುತ್ತಾರೆ.

ಕಳೆದ ಕಾರ್ತಿಕದಲ್ಲಿ ಕೆಂಗೇರಿಯ ಹಳೇ ಊರಿನ ಅಕ್ಕಯ್ಯಮ್ಮನ ಮನೆಯಿಂದ ಕರೆ ಬಂತು. ಇವರ ಹೊಲಗಳೆಲ್ಲ ಎಂದೋ ಬಡಾವಣೆಯಾಗಿ ಹೋಗಿದ್ದವು. ಉಳಿದಿದ್ದು ಏಳು ಗುಂಟೆ. ಅಲ್ಲಿ ಮೊಮ್ಮಗ ಮಧುಕುಮಾರ್ ಬಾಡಿಗೆ ಮನೆಗಳನ್ನು ಕಟ್ಟಿಸಲು ಹೊರಟಿದ್ದ. ಸೋಮವಾರ ಪಾಯ ತೋಡುವುದೆಂದು ನಿಗದಿಯಾಗಿತ್ತು. ಜೆಸಿಬಿ ತರಿಸಿ ಒಂದು ಗಂಟೆಯಲ್ಲಿ ಕೆರೆದು ಎಸೆಯಬಹುದಿತ್ತು. ಆದರೆ ಅಜ್ಜಿ ಊಟ ಬಿಟ್ಟು ಕೂತಿದ್ದಳು.

“ಮಣ್ಣು ಮುಟ್ಟಂಗಿಲ್ಲ ಕಣಪ್ಪ, ಕಳೆ ಮಾತ್ರ ತೆಗೀಬೇಕು” ಎಂದಳು ಅಕ್ಕಯ್ಯಮ್ಮ, ದೇವೇಂದ್ರಪ್ಪ ಟ್ರ್ಯಾಕ್ಟರಿಂದ ಇಳಿಯುವ ಮೊದಲೇ. “ಇದ್ರೊಳಗೆ ಒಂದು ಕಲ್ಲೈತೆ. ಗೇಣುದ್ದ. ನಮ್ಮ ಮೊದಲನೇ ಮಗೂನ ಮಣ್ಣು ಮಾಡಿದ್ ಜಾಗ. ಬೇವಿನ ಮರದಿಂದ ಹದಿನೆಂಟು ಹೆಜ್ಜೆ.”

ಬೇವಿನ ಮರ ಎಲ್ಲಿ ಎಂದು ದೇವೇಂದ್ರಪ್ಪ ಸುತ್ತ ನೋಡಿದ. ಮರ ಹೋಗಿ ಮೂವತ್ತು ವರ್ಷವಾಗಿತ್ತು.

“ಕಲ್ಲು ಸಿಕ್ಕಿದ್ರೆ ಆ ಮೂಲೆ ಬಿಟ್ಟು ಕಟ್ತೀನಿ ಅಂತ ಮಾತು ಕೊಟ್ಟಿದೀನಣ್ಣ” ಎಂದ ಮಧುಕುಮಾರ್, ಪಕ್ಕಕ್ಕೆ ಕರೆದು. “ಸಿಗ್ಲಿಲ್ಲ ಅಂದ್ರೆ ಮಧ್ಯಾಹ್ನಕ್ಕೇ ಜೆಸಿಬಿ. ನಮ್ಮಪ್ಪನೂ ನೋಡಿಲ್ಲ ಆ ಕಲ್ಲನ್ನ.” ಹುಡುಗ ಕೆಟ್ಟವನಲ್ಲ, ಅವಸರದವನು, ಅಷ್ಟೇ.

ದೇವೇಂದ್ರಪ್ಪ ಕೋಲು ಹಿಡಿದು ಕಳೆಯೊಳಗೆ ನುಗ್ಗಿದ. ಪಾರ್ಥೇನಿಯಂ, ಹರಳು ಗಿಡ, ಉತ್ತರಾಣಿ ಎಲ್ಲ ತಲೆಮಟ್ಟ ಬೆಳೆದು ಹೆಣೆದುಕೊಂಡಿದ್ದವು. ಬಾಟಲಿ ಸಿಕ್ಕವು, ತಂತಿ ಸಿಕ್ಕಿತು, ಯಾರದೋ ಹೆಲ್ಮೆಟ್ಟೂ ಸಿಕ್ಕಿತು. ಕಲ್ಲು ಸಿಗಲಿಲ್ಲ. ಕಟರನ್ನು ಮೊಣಕಾಲಿಗಿಂತ ಒಂದು ಹಿಡಿ ಮೇಲಕ್ಕೇ ಎತ್ತಿಟ್ಟು ಗಾಡಿ ಹತ್ತಿದ. ಬ್ಲೇಡು ಆ ಕಲ್ಲಿಗೆ ತಗುಲಿದರೆ ಕಲ್ಲು ಪುಡಿ. ಬ್ಲೇಡು ಹೋದರೆ ಇನ್ನೊಂದು ಬರುತ್ತದೆ. ಕಲ್ಲು ಹೋದರೆ ಈ ಮುದುಕಿಗೆ ಏನು ಉತ್ತರ ಹೇಳುವುದು? ಹದಿನೇಳು ವರ್ಷದಲ್ಲಿ ಮೊದಲ ಸಲ ಅವನಿಗೆ ಸ್ಟೇರಿಂಗ್ ಹಿಡಿಯಲು ಭಯವಾಯಿತು.

“ಸೆಕೆಂಡ್ ಗೇರಲ್ಲಿ ಹೊಡೀರಣ್ಣ!” ಎಂದು ಮಧುಕುಮಾರ್ ಕೂಗಿದ.

“ಅವಸರ ಮಾಡಬ್ಯಾಡ್ರಿ ಸರ” ಎಂದ ದೇವೇಂದ್ರಪ್ಪ, ತಿರುಗಿಯೂ ನೋಡದೆ.

ಎರಡು ತಾಸಿಗೆ ಮೊದಲ ಸಲದ್ದು ಮುಗಿಯಿತು. ಏಳು ಗುಂಟೆಯೂ ಮೊಣಕಾಲೆತ್ತರದ ಕಡ್ಡಿಗಳ ಬಯಲಾಯಿತು. ಅಕ್ಕಯ್ಯಮ್ಮ ಸೀರೆ ಎತ್ತಿ ಕಟ್ಟಿ ಆ ಕಡೆಯಿಂದ ಈ ಕಡೆಗೆ ನಡೆದಳು, ಈ ಕಡೆಯಿಂದ ಆ ಕಡೆಗೆ ನಡೆದಳು. ಕಡ್ಡಿ ಚುಚ್ಚಿ ಮೀನಖಂಡದಲ್ಲಿ ರಕ್ತ ಬಂದರೂ ಅವಳಿಗೆ ಗೊತ್ತಾಗಲಿಲ್ಲ. ಕಲ್ಲು ಎಲ್ಲಿಯೂ ಇರಲಿಲ್ಲ.

“ಅಜ್ಜಿ, ಸಾಕು ಬಾ” ಎಂದು ಮಧುಕುಮಾರ್ ಮೆತ್ತಗೆ ಹೇಳಿ ಫೋನು ತೆಗೆದ.

“ಸರ, ಫೋನ್ ಹಚ್ಚಬ್ಯಾಡ್ರಿ. ನನ್ನ ಕೆಲಸ ಇನ್ನ ಮುಗಿದಿಲ್ಲ” ಎಂದ ದೇವೇಂದ್ರಪ್ಪ. “ಗಾಲಿ ಮಲಗಿಸಿದ್ದು ಹಂಗ ಐತಲ್ರಿ.”

ಕಟರ್ ಇಳಿಸಿ ಎದುರಿನಿಂದ ಹೊಡೆದರೆ ಮಲಗಿದ್ದು ಎದ್ದುಬರುತ್ತಿತ್ತು ನಿಜ, ಆದರೆ ಅದರಡಿ ಕಲ್ಲಿದ್ದರೆ? ಅವನು ಎಂಜಿನ್ ಆರಿಸಿ, ಸೀಟಿನಡಿಯ ಕುಡುಗೋಲು ತೆಗೆದುಕೊಂಡು, ತನ್ನದೇ ಗಾಲಿಯ ಜಾಡಿನಲ್ಲಿ ಮಂಡಿಯೂರಿದ. ಚಾಪೆಯಂತೆ ಒತ್ತಿಕೊಂಡಿದ್ದ ಗಿಡಗಳನ್ನು ಹಿಡಿಹಿಡಿಯಾಗಿ ಎತ್ತಿ ಬುಡಕ್ಕೆ ಕೊಯ್ಯುತ್ತಾ ಸಾಗಿದ. ಒಂದು ಜಾಡು, ಎರಡು ಜಾಡು. ಸ್ವಲ್ಪ ಹೊತ್ತಿಗೆ ಮಧುಕುಮಾರನೂ ಫೋನು ಜೇಬಿಗಿಟ್ಟು ಪಕ್ಕದ ಜಾಡಿನಲ್ಲಿ ಕೂತು ಕೈಯಿಂದಲೇ ಕೀಳತೊಡಗಿದ.

ಆರನೇ ಜಾಡಿನ ಅಂಚಿನಲ್ಲಿ ಕುಡುಗೋಲು ಟಣ್ ಎಂದಿತು.

ಕರೀ ಕಲ್ಲು. ನೆಲದೊಳಗೆ ಅರ್ಧ ಇಳಿದು ನಾಲ್ಕು ಬೆರಳಷ್ಟೇ ಮೇಲಿತ್ತು. ಗಾಲಿ ಒಂದು ಮೊಳ ಆಚೆ ಹೋಗಿತ್ತು, ಅದು ಮಲಗಿಸಿದ ಗಿಡಗಳು ಕಲ್ಲನ್ನು ಮುಚ್ಚಿದ್ದವು. ದೇವೇಂದ್ರಪ್ಪನ ಕಣ್ಣು ತುಂಬಿಬಂತು. “ಯವ್ವಾ, ಬರ್ರಿ” ಎಂದ.

ಅಕ್ಕಯ್ಯಮ್ಮ ಬಂದು ಕೂತಳು. ಸೆರಗಿನಿಂದ ಕಲ್ಲನ್ನು ಒರೆಸಿದಳು, ಕೂಸಿನ ಮೂಗು ಒರೆಸುವಷ್ಟು ಹಗುರವಾಗಿ. “ಒಂಬತ್ತು ದಿನ ಇದ್ಲು. ಹೆಸ್ರೂ ಇಟ್ಟಿರ್ಲಿಲ್ಲ. ನಮ್ಮತ್ತೆ ಬೈರಮ್ಮ ಅಂತ ಇಡೋಣ ಅಂತಿದ್ರು. ನಂಗೆ ಶೋಭ ಅಂತ ಆಸೆ. ಯಾರಿಗೂ ಹೇಳಿರ್ಲಿಲ್ಲ.” ಆಮೇಲೆ ಅವನತ್ತ ನೋಡಿದಳು. “ನಮ್ಮನೇಲಿ ಹೆಸ್ರನ್ನ ಸೋದರಮಾವ ಕಿವೀಲಿ ಹೇಳ್ಬೇಕು. ನನ್ನ ತಮ್ಮಂದಿರು ಯಾರೂ ಉಳಿದಿಲ್ಲ. ನೀನು ಹೇಳಪ್ಪ.”

“ನಮ್ಮ ಕಡೆ ಸೋದರತ್ತಿ ಹೇಳ್ತಾಳ್ರಿ ಯವ್ವಾ” ಎಂದ ಅವನು, ತಬ್ಬಿಬ್ಬಾಗಿ.

“ನಮ್ಮನೇಲಿ ಮಾವನೇ.”

ದೇವೇಂದ್ರಪ್ಪ ಕೈಯ ಗ್ರೀಸನ್ನು ಟವೆಲ್ಲಿಗೆ ಒರೆಸಿಕೊಂಡ. ಚಪ್ಪಲಿ ಬಿಟ್ಟ. ಮಧುಕುಮಾರನೂ ಬಿಟ್ಟ. ಬಾಗಿ, ಕಲ್ಲಿಗೆ ಬಾಯಿ ಹತ್ತಿರ ತಂದು, ಮಲಗಿದ ಕೂಸಿಗೆ ಎಚ್ಚರವಾಗದ ಹಾಗೆ ಮೂರು ಸಲ ಹೇಳಿದ: ಶೋಭಾ, ಶೋಭಾ, ಶೋಭಾ.

ಏನಾದರೂ ಕೇಳಬೇಕಲ್ಲ ಎಂದು ದೇವೇಂದ್ರಪ್ಪನೇ ಕೇಳಿದ. “ಮಕ್ಕಳೆಷ್ಟ್ರಿ ಯವ್ವಾ ನಿಮಗ?”

“ಮೂ...” ಎಂದು ಅಕ್ಕಯ್ಯಮ್ಮ ಅಲ್ಲಿಗೇ ನಿಲ್ಲಿಸಿದಳು. ಐವತ್ತೆರಡು ವರ್ಷ ಹೇಳಿಕೊಂಡು ಬಂದ ಲೆಕ್ಕ ಅದು. ಕಲ್ಲಿನ ಮೇಲಿಂದ ಕೈ ತೆಗೆಯದೆ ಹೇಳಿದಳು:

“ನಾಲ್ಕು ಕಣಪ್ಪ. ದೊಡ್ಡೋಳು ಶೋಭ.”