ಅವ್ವ ಹೊಸೆದ ಪುಂಡಿ ಹಗ್ಗ

ಮೊನ್ನೆ ಮಲೆಬೆನ್ನೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ, ನಾರು ಬಿಡಿಸಲೆಂದು ಯಾರೋ ಗುಂಡಿಯ ನೀರಿನಲ್ಲಿ ಕೊಳೆಹಾಕಿದ್ದ ಪುಂಡಿ ಗಿಡದ ಕಟ್ಟುಗಳ ನಾತ ಬಂತು. ಪಕ್ಕದವರು ಮೂಗು ಮುಚ್ಚಿಕೊಂಡರು. ನಾನು ಎದೆತುಂಬ ಉಸಿರೆಳೆದುಕೊಂಡೆ. ನಮ್ಮವ್ವನ ಕೈಗಳಿಗೆ ಒಂದು ಕಾಲದಲ್ಲಿ ಇದೇ ವಾಸನೆಯಿತ್ತು.

ಆಗ ನಿಟ್ಟುವಳ್ಳಿ ಇನ್ನೂ ಹಳ್ಳಿ. ಹೊಲಗಳ ನಡುವೆ ನಡೆದು ದಾವಣಗೆರೆ ಸೇರಬೇಕಿತ್ತು. ನನಗೆ ಎಂಟು ವರ್ಷವಿದ್ದಾಗ ಅಪ್ಪ ತೀರಿಕೊಂಡ. ಅಪ್ಪನ ಪಾಲಿನ ಹೊಲ ತನಗೇ ಇರಲೆಂದು ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ, ಅವ್ವನಿಗೆ ತವರೂರು ಮಾಯಕೊಂಡಕ್ಕೆ ಹೋಗೆಂದು ಮೊದಲು ನಯವಾಗಿ ಹೇಳಿದ, ಆಮೇಲೆ ಗದರಿದ. ಅವ್ವ ಕದಲಲಿಲ್ಲ. ಒಂದು ಬೆಳಿಗ್ಗೆ ಕೊಡ ಹೊತ್ತು ಹೋದರೆ, ಎರಡೂ ಮನೆಗೆ ಸೇರಿದ ಬಾವಿಯ ಗಡಗಡೆಯಲ್ಲಿ ಹಗ್ಗವೇ ಇಲ್ಲ. ಅದು ದೊಡ್ಡಪ್ಪನ ಹೆಗಲ ಮೇಲಿತ್ತು. ಅವ್ವ ಸೆರಗು ಸರಿಮಾಡಿಕೊಂಡು ಹೇಳಿದಳು: "ಹಗ್ಗ ನಿಮ್ದು ಭಾವ, ತಗೊಂಡೋಗ್ರಿ. ನೀರು ನಿಮ್ದೊಬ್ರದೇ ಅಲ್ಲ."

ನೆರೆಮನೆಯವರು ಹಗ್ಗ ಕೊಡಲು ಬಂದರು. ದೊಡ್ಡಪ್ಪ ಕೊಟ್ಟವರನ್ನು ಹೆದರಿಸಿ ಎರವಲು ಹಗ್ಗವನ್ನು ವಾಪಸು ಕೇಳಿಸಬಹುದೆಂದು ಅವ್ವ ಒಲ್ಲೆನೆಂದಳು. ನಮ್ಮ ಜೋಳದ ಹೊಲದ ಅಂಚಿಗೆ ಪುಂಡಿ ಆಳೆತ್ತರ ಬೆಳೆದಿತ್ತು. ಅದರ ಎಳೆ ಸೊಪ್ಪಿನ ಹುಳಿ ಪಲ್ಯವನ್ನು ರೊಟ್ಟಿಗೆ ಹಚ್ಚಿಕೊಂಡು ತಿಂದವಳು ನಾನು. ಆ ಗಿಡದ ಮೈಯೊಳಗೆ ಎಂಥ ಗಟ್ಟಿತನವಿದೆಯೆಂದು ಗೊತ್ತಿರಲಿಲ್ಲ. ಅವ್ವ ಕೊಯ್ದು, ಕಟ್ಟು ಕಟ್ಟಿ, ಹಳ್ಳದ ಮಡುವಿನಲ್ಲಿ ಕಲ್ಲು ಹೇರಿ ಮುಳುಗಿಸಿದಳು. ಹದಿನೈದು ದಿನ ಕೊಳೆಯಲು ಬಿಟ್ಟು, ಹಗ್ಗವಾಗುವವರೆಗೂ ಹಳ್ಳದ ಮೇಲ್ಭಾಗದಿಂದಲೇ ನೀರು ಹೊತ್ತಳು. ಕೊಳೆತ ಸಿಪ್ಪೆ ಸುಲಿದು ಜಾಲಿಸಿದಾಗ ಬೆಳ್ಳಗಿನ ನಾರು ಕೈಗೆ ಬಂತು, ಒದ್ದೆ ಕೂದಲಿನ ಹಾಗೆ. ನಾನೂ ಸುಲಿದೆ. ಶಾಲೆಯಲ್ಲಿ ಹುಡುಗಿಯರು ವಾಸನೆಯೆಂದು ದೂರ ಸರಿದು ಕೂತರು. ಅಳುತ್ತ ಬಂದೆ. ಅವ್ವ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಮೂಗು ಮುಚ್ಕಳೋರು ಮುಚ್ಕಳ್ಳಿ. ನೀನು ತಲಿ ಎತ್ತಿ ಕೂತ್ಕ."

ನಾರು ಒಣಗಿದ ಮೇಲೆ ಅಂಗಳದಲ್ಲೇ, ಎಲ್ಲರ ಕಣ್ಣೆದುರು, ಮೂರೆಳೆ ಕೂಡಿಸಿ ಹೊಸೆದಳು. ಅಂಗೈ ಬಿರಿದು ರಕ್ತ ಬಂದರೆ ಎಣ್ಣೆ ಸವರಿಕೊಂಡು ಮತ್ತೆ ಕೂರುತ್ತಿದ್ದಳು. ಹಗ್ಗವನ್ನು ಗಡಗಡೆಗೆ ಹಾಕಿದ ದಿನ ದೊಡ್ಡಪ್ಪ ಬಾವಿಕಟ್ಟೆಯ ಮೇಲೆಯೇ ಕೂತಿದ್ದ. ಕೊಡ ತುಂಬಿ ಮೇಲೆ ಬಂದಾಗ ಎದ್ದು ಮನೆಯೊಳಗೆ ಹೋದ. ಮುಂದಿನ ಬೇಸಿಗೆಯಲ್ಲಿ ಅವನ ಹಗ್ಗವೇ ಹರಿಯಿತು. ದೊಡ್ಡಮ್ಮ ಬರಿ ಕೊಡ ಹಿಡಿದು ಬಾವಿಯ ಹತ್ತಿರ ನಿಂತಳು. ಅವ್ವ ತನ್ನ ಹಗ್ಗದಿಂದಲೇ ಆ ಕೊಡವನ್ನು ತುಂಬಿಸಿ ಕೊಟ್ಟಳು. ಹೊಲ ಬಿಡು ಎಂಬ ಮಾತು ಆಮೇಲೆ ಬರಲಿಲ್ಲ.

ಈಗ ಆ ಬಾವಿಯೂ ಇಲ್ಲ, ಅಂಗಳವೂ ಇಲ್ಲ. ಅವುಗಳ ಮೇಲೆ ಹಾದ ರಸ್ತೆಯಲ್ಲಿ ಆಟೋಗಳು ಓಡಾಡುತ್ತವೆ. ಹಾಳಾಗಿ ಹೋಯಿತೆಂದು ನಾನು ಮರುಗುವುದಿಲ್ಲ. ಅವ್ವ ಬದುಕಿದ್ದಷ್ಟೂ ಕಾಲ ಅಲ್ಲೇ ಬದುಕಿದಳು. ಮದುವೆಗೋ ಹಬ್ಬಕ್ಕೋ ಮಾಯಕೊಂಡಕ್ಕೆ ಹೋದರೆ, ಒಂದಿರುಳು ಉಳಿದುಕೋ ಎಂದು ಮಾವಂದಿರು ಎಷ್ಟು ಬೇಡಿಕೊಂಡರೂ, ನನ್ನ ಕೈ ಹಿಡಿದು ಸಂಜೆಯ ಬಸ್ಸು ಹತ್ತಿಬಿಡುತ್ತಿದ್ದಳು.