ಚೋಕಿಗೆ ಎತ್ತಿದ ಆರತಿ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಅಷ್ಟು ಕರಾರುವಾಕ್ಕಾಗಿ ಹೇಗೆ ಗೊತ್ತು ಎಂದು ನೀವು ಕೇಳಬಹುದು. ಆರತಿ ಯಾವಾಗ ಮುಗಿಯುತ್ತದೋ ಎಂದು ನಾನು ಆಗ ಕೈಗಡಿಯಾರ ನೋಡಿಕೊಂಡಿದ್ದೆ. ಬಾಯಿ ಬಿಡುವ ಬದಲು ಗಡಿಯಾರ ನೋಡಿದ್ದೇ ನನ್ನ ತಪ್ಪು. ಮೊನ್ನೆ ಎದುರುಮನೆಯವರು ಹೊಸ ಸ್ಕೂಟರಿಗೆ ಪೂಜೆ ಮಾಡುತ್ತಿದ್ದರು. ಕರ್ಪೂರದ ವಾಸನೆ ಗೇಟು ದಾಟಿ ಬಂದದ್ದೇ ತಡ, ನನ್ನ ಕಾಲು ತಾನಾಗಿ ಎರಡು ಹೆಜ್ಜೆ ಹಿಂದಕ್ಕೆ ಹೋಯಿತು. ಆ ಆರತಿಯಾಗಿ ಇಪ್ಪತ್ತು ವರ್ಷವಾಗುತ್ತ ಬಂತು. ಕರ್ಪೂರ ಉರಿದರೆ ಉಳಿದವರಿಗೆ ದೇವರು ನೆನಪಾಗುತ್ತಾನೆ, ನನಗೆ ಕಾರ್ಬುರೇಟರ್.

ಆಗ ನಾನು ಕೊಪ್ಪದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ವಾಸ ಸೋದರತ್ತೆಯ ಮನೆಯಲ್ಲಿ. ಅತ್ತೆ ಹೈಸ್ಕೂಲಿನಲ್ಲಿ ಗಣಿತದ ಟೀಚರಾಗಿ ನಿವೃತ್ತರಾದವರು. ಅವರ ಹತ್ತಿರ ನನಗಿಂತ ವಯಸ್ಸಾದ ಒಂದು ಫಿಯಟ್ ಕಾರಿತ್ತು. ವಾರಕ್ಕೆರಡು ದಿನ ಅದರಲ್ಲಿ ಶೃಂಗೇರಿ ಹತ್ತಿರದ ಮೆಣಸೆಗೆ ಹೋಗಿ, ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದ ಹುಡುಗಿಯರಿಗೆ ಪಾಠ ಹೇಳಿ ಬರುತ್ತಿದ್ದರು. ನಿವೃತ್ತಿಯಾದ ಮೇಲೆ ಅವರು ಬದುಕುತ್ತಿದ್ದುದೇ ಆ ಎರಡು ದಿನಗಳಿಗಾಗಿ.

ಹಳೆಯ ಕಾರುಗಳ ಬಗ್ಗೆ ಗೊತ್ತಿಲ್ಲದವರಿಗಾಗಿ ಒಂದು ಮಾತು. ತಣ್ಣಗಿರುವ ಎಂಜಿನ್ ಚಾಲೂ ಆಗಬೇಕಾದರೆ ಅದಕ್ಕೆ ಗಾಳಿ ಕಡಿಮೆ, ಪೆಟ್ರೋಲು ಹೆಚ್ಚು ಬೇಕು. ಗಾಳಿ, ಪೆಟ್ರೋಲು ಬೆರೆಸುವ ಕಾರ್ಬುರೇಟರಿನ ಗಾಳಿಬಾಯಿಗೆ ಒಂದು ಮುಚ್ಚಳವಿರುತ್ತದೆ, ಅದೇ ಚೋಕ್. ಸ್ಟಿಯರಿಂಗಿನ ಹತ್ತಿರವಿರುವ ಗುಂಡಿಯನ್ನು ಎಳೆದರೆ ಅದು ಮುಚ್ಚಿಕೊಳ್ಳುತ್ತದೆ. ಅತ್ತೆಯ ಕಾರಿನಲ್ಲಿ ಆ ಗುಂಡಿ ಎಳೆದ ಜಾಗದಲ್ಲಿ ನಿಲ್ಲುತ್ತಿರಲಿಲ್ಲ. ಎಡಗೈಯಲ್ಲಿ ಎಳೆದು ಹಿಡಿದುಕೊಂಡೇ ಬಲಗೈಯಲ್ಲಿ ಕೀಲಿ ತಿರುಗಿಸಬೇಕು. ಬಚ್ಚಲಲ್ಲಿ ಜಾರಿ ಬಿದ್ದು ಅತ್ತೆಯ ಎಡ ಮಣಿಕಟ್ಟು ಮುರಿಯಿತು. ಮೂಳೆ ಕೂಡಿತು, ಬೆರಳಿಗೆ ಹಿಡಿತ ಮಾತ್ರ ಬರಲಿಲ್ಲ. ಗೇರನ್ನು ಅಂಗೈಯಿಂದ ತಳ್ಳಬಹುದಿತ್ತು, ಚೋಕ್ ಎಳೆಯಲು ಮಾತ್ರ ಇನ್ನೊಬ್ಬರು ಬೇಕಾಯಿತು. ಪೋಸ್ಟಿನವನು ಎಳೆದ, ಹಾಲಿನವಳು ಎಳೆದಳು, ಮೆಣಸೆಯಲ್ಲಿ ಹುಡುಗಿಯರು ಸರದಿ ಹಾಕಿಕೊಂಡು ಎಳೆದರು. ಪಾಸಾಗಿ ಹೋದವರಿಗೆ ಈಗ ಗಣಿತ ಮರೆತಿರಬಹುದು, ಚೋಕ್ ಎಳೆಯುವುದು ಮರೆತಿರಲಾರದು. ಎಲ್ಲರಿಗೂ ಅದೊಂದು ಖುಷಿ, ಅತ್ತೆಯನ್ನು ಬಿಟ್ಟು. ಬೇರೆಯವರ ಕೈ ಕಾಯುತ್ತ ಕಾರಿನಲ್ಲಿ ಕೂತಿರುವಾಗ ಅವರು ಮುಖವನ್ನು ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಕಾರು ಕೊಟ್ಟುಬಿಡು ಎಂದು ಅಪ್ಪ ಫೋನಿನಲ್ಲಿ ತಂಗಿಗೆ ಹೇಳಲು ಶುರುಮಾಡಿದ್ದರು.

ಕರೆಂಟಿನ ಚೋಕ್ ಎಂಬುದೊಂದು ಇದೆ ಎಂದು ಹೇಳಿದವನು ನಾನೇ. ಎರಡು ಲೋಹ ಬೆಸೆದು ಮಾಡಿದ ಸುರುಳಿ. ಕರೆಂಟು ಹರಿದರೆ ಬಿಸಿಯಾಗಿ ಬಿಚ್ಚಿಕೊಳ್ಳುತ್ತದೆ, ಮುಚ್ಚಳ ನಿಧಾನವಾಗಿ ತೆರೆಯುತ್ತದೆ, ಯಾರೂ ಏನನ್ನೂ ಎಳೆಯಬೇಕಾಗಿಲ್ಲ. ಪ್ರತಿ ವರ್ಷ ಪಾಠ ಮಾಡುವ ಸಂಗತಿಯೊಂದು ಉಪಯೋಗಕ್ಕೂ ಬರುತ್ತದೆ ಎಂದು ನನಗೇ ಆಶ್ಚರ್ಯವಾಗಿತ್ತು. ಮೆಕ್ಯಾನಿಕ್ ಅಣ್ಣಪ್ಪ ಮಂಗಳೂರಿನಿಂದ ಸಾಮಾನು ತರಿಸಿ, ಭಾನುವಾರ ಬೆಳಿಗ್ಗೆ ಮನೆಗೇ ಬಂದು ಕೂರಿಸಿದ. ಕಾರ್ಬುರೇಟರಿನ ಪಕ್ಕದಲ್ಲಿ ಒಂದು ದುಂಡನೆಯ ಕಪ್ಪು ಡಬ್ಬಿ, ಅದಕ್ಕೊಂದು ವೈರು. ಚಾಲೂ ಮಾಡೋಣವಾ ಎಂದು ಅವನು ಕೇಳಿದಾಗ ಅತ್ತೆ ಒಪ್ಪಲಿಲ್ಲ. ಹೊಸ ಸಾಮಾನು, ಪೂಜೆಯಾಗದೆ ಕೀಲಿ ತಿರುಗಿಸುವಂತಿಲ್ಲ.

ಅವರು ಒಳಗೆ ಹೋಗಿ ತಟ್ಟೆ ಅಣಿಮಾಡುವಷ್ಟರಲ್ಲಿ ನಾನು ಸುಮ್ಮನಿರಬಹುದಿತ್ತು. ಕಾರ್ಬುರೇಟರಿಗೆ ಪೆಟ್ರೋಲು ಹಾಯಿಸುವ ಪಂಪಿನ ಹಿಡಿಯನ್ನು ಹತ್ತು ಸಲ ಒತ್ತಿ ಸರ್, ಸಾಕು ಎಂದಿದ್ದ ಅಣ್ಣಪ್ಪ. ಒಂದೇ ಏಟಿಗೆ ಚಾಲೂ ಆಗಿ ಅತ್ತೆಗೆ ಖುಷಿಯಾಗಲಿ ಎಂದು ನಾನು ಮೂವತ್ತು ಸಲ ಒತ್ತಿದೆ.

ಅತ್ತೆ ಡಬ್ಬಿಗೆ ಕುಂಕುಮವಿಟ್ಟರು, ಮೇಲೊಂದು ದಾಸವಾಳ ಇಟ್ಟರು, ಕರ್ಪೂರ ಹಚ್ಚಿದರು. ಎಡಗೈಯಲ್ಲಿ ಗಂಟೆ ಹಿಡಿಯಲಾಗದ್ದರಿಂದ ಅದು ನನ್ನ ಪಾಲಿಗೆ ಬಂತು. ಬಾರಿಸುತ್ತ ಬಾನೆಟ್ಟಿನೊಳಗೆ ನೋಡುತ್ತೇನೆ, ದಾಸವಾಳದ ಕೆಳಗಿನಿಂದ ಪೆಟ್ರೋಲು ತೊಟ್ಟಿಕ್ಕುತ್ತಿದೆ. ಗಡಿಯಾರ ನೋಡಿದೆ, ಹತ್ತು ಇಪ್ಪತ್ತು. ಆರತಿಯ ನಡುವೆ ಮಾತಾಡಬಾರದು ಎಂಬುದನ್ನು, ನಾನು ಐದು ವರ್ಷದವನಿದ್ದಾಗ, ಇದೇ ಅತ್ತೆ ತೊಡೆ ಚಿವುಟಿ ಕಲಿಸಿದ್ದರು. ಇನ್ನೇನು ಮುಗಿಯುತ್ತದೆ, ಆಮೇಲೆ ಹೇಳೋಣ ಎಂದುಕೊಂಡೆ. ಗಂಟೆ ಬೇಗ ಬಾರಿಸಿದರೆ ಆರತಿ ಬೇಗ ಮುಗಿದೀತು ಎಂದು ಜೋರಾಗಿ ಬಾರಿಸತೊಡಗಿದೆ. ಅತ್ತೆ ಅದನ್ನು ನನ್ನ ಭಕ್ತಿ ಎಂದು ತಿಳಿದರು. ತಟ್ಟೆಯನ್ನು ಇನ್ನೊಂದು ಸುತ್ತು ಬೆಳಗಿದರು, ಈ ಸಲ ಇನ್ನಷ್ಟು ಕೆಳಗೆ.

ಭಗ್ ಎಂದಿತು. ನೀಲಿ ಬೆಂಕಿ ಅತ್ತೆಯ ಮುಖದವರೆಗೆ ಎದ್ದದ್ದನ್ನು ನಾನು ಇವತ್ತಿಗೂ ನೋಡುತ್ತಿದ್ದೇನೆ. ನನ್ನ ಕೈ ಆಗಲೂ ಗಂಟೆ ಬಾರಿಸುತ್ತಿತ್ತು. ಅಣ್ಣಪ್ಪ ಬಟ್ಟೆ ಒಗೆಯುವ ಕಲ್ಲಿನ ಮೇಲಿದ್ದ ಒದ್ದೆ ಗೋಣಿಚೀಲ ಎಳೆದು ತಂದು ಎಂಜಿನ್ನಿನ ಮೇಲೆ ಹಾಕಿ, ಅತ್ತೆಯನ್ನು ಭುಜ ಹಿಡಿದು ಹಿಂದಕ್ಕೆ ತಳ್ಳಿದ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ, ಹೊಗೆ ಮಾತ್ರ ಉಳಿಯಿತು. ಅತ್ತೆ ತಟ್ಟೆ ಕೆಡವಿರಲಿಲ್ಲ. ಅವರ ಬಲಹುಬ್ಬು ಪೂರ್ತಿ ಹೋಗಿತ್ತು.

"ಇಷ್ಟು ವರ್ಷ ಆರತಿ ಎತ್ತಿದೀನಿ," ಎಂದರು ಅವರು, ತಟ್ಟೆಯನ್ನು ಜಗಲಿಯ ಮೇಲೆ ಇಡುತ್ತ. "ಯಾವ ದೇವರೂ ಇಷ್ಟು ಆತುರದಲ್ಲಿ ತಗೊಂಡಿರ್ಲಿಲ್ಲ."

ಅಣ್ಣಪ್ಪ ನೆಲದ ಮೇಲೆ ಕೂತು ನಗತೊಡಗಿದ. ನನಗೆ ನಗು ಬರಲಿಲ್ಲ. ಸುದ್ದಿ ಕೇಳಿ ಅಪ್ಪ ಮತ್ತೆ ಫೋನು ಮಾಡಿದಾಗ, ಕಾರು ಕೊಡುವುದೇ ಒಳ್ಳೆಯದು ಎಂದು ನಾನೂ ದನಿಗೂಡಿಸಿದೆ. ಅತ್ತೆ ಕಾಡಿಗೆಯಲ್ಲಿ ಹುಬ್ಬು ಬರೆದುಕೊಂಡು ಮೆಣಸೆಗೆ ಬಸ್ಸಿನಲ್ಲಿ ಹೋಗತೊಡಗಿದರು. ವಾಪಸ್ ಬಸ್ಸು ತಪ್ಪುತ್ತದೆಂದು ಲೆಕ್ಕವನ್ನು ಅರ್ಧಕ್ಕೇ ಬಿಟ್ಟು ಬರಬೇಕಾಗುತ್ತಿತ್ತು. ಹುಡುಗಿಯರ ಪರೀಕ್ಷೆಗೆ ಉಳಿದಿದ್ದು ಮೂರು ವಾರ.

ನಿದ್ದೆ ನನ್ನನ್ನು ಬಿಟ್ಟಿತ್ತು. ಕಣ್ಣು ಮುಚ್ಚಿದರೆ ದಾಸವಾಳ, ಅದರ ಕೆಳಗೆ ಆ ತೊಟ್ಟು. ಎಂಟು ದಿನ ತಡೆದುಕೊಂಡು, ಒಂದು ಸಂಜೆ ಅವರು ಹುರುಳಿ ಆರಿಸುತ್ತಿದ್ದಾಗ, ತೊಟ್ಟಿಕ್ಕುವುದನ್ನು ನಾನು ನೋಡಿದ್ದೆ ಎಂದು ಹೇಳಿಬಿಟ್ಟೆ.

ಅತ್ತೆ ಮೊರ ಕೆಳಗಿಟ್ಟು, ಕಾಡಿಗೆ ಅರ್ಧ ಅಳಿಸಿ ಉಳಿದಿದ್ದ ಒಂದೂವರೆ ಹುಬ್ಬಿನಲ್ಲಿ ನನ್ನನ್ನೇ ನೋಡಿದರು.

"ನೋಡಿದ್ಯಾ?"

"ನೋಡಿದ್ದೆ ಅತ್ತೆ. ಆರತಿ ಮುಗೀಲಿ ಅಂತ..."

"ಮುಗಿಯೋದ್ರಲ್ಲಿ ನಾನೇ ಮುಗೀತಿದ್ದೆನಲ್ಲೋ." ಮೊರವನ್ನು ಮತ್ತೆ ತೊಡೆಗೆ ಎಳೆದುಕೊಂಡರು. "ದೇವರಿಗೆ ಎರಡು ನಿಮಿಷ ತಡ ಆದ್ರೆ ನಡೀತದೆ ಮಾರಾಯ. ಪೆಟ್ರೋಲಿಗೆ ನಡಿಯಲ್ಲ. ಇದಕ್ಕಾ ನೀನು ಕಾರು ಕೊಡಿ ಅಂದಿದ್ದು? ನಿನ್ನ ಹೆದರಿಕೆಗೆ ನನ್ನ ಕಾರು ಎಂತಕ್ಕೆ ಕೊಡ್ಬೇಕು? ನಾಳೆ ಅಣ್ಣಪ್ಪನಿಗೆ ಬರಕ್ಕೆ ಹೇಳು."

ಈ ಸಲ ಜೋಡಿಸುವ ಮೊದಲೇ ಪೂಜೆಯಾಯಿತು, ಅದೂ ಕಾರಿನಿಂದ ದೂರ, ತುಳಸಿಕಟ್ಟೆಯ ಹತ್ತಿರ. ಸುಟ್ಟದ್ದರ ಬದಲು ಅಣ್ಣಪ್ಪ ತಂದ ಹೊಸ ಚೋಕನ್ನು ಮದುಮಗನ ಹಾಗೆ ಮಣೆಯ ಮೇಲೆ ಕೂರಿಸಿ ಆರತಿ ಎತ್ತಿದರು. ಕರ್ಪೂರ ಪೂರ್ತಿ ಆರಿದ ಮೇಲೆ ಅಣ್ಣಪ್ಪ ಅದನ್ನು ಒಯ್ದು ಜೋಡಿಸಿದ. ಕಾರ್ಬುರೇಟರನ್ನು ಪೂರ್ತಿ ಬಿಚ್ಚಿ, ಪೆಟ್ರೋಲು ತಡೆಯಬೇಕಾದ ಸೂಜಿಗೆ ಕಸ ಕೂತು ಉಕ್ಕಿದ್ದಂತೆ, ಅದನ್ನು ತೊಳೆದಿದ್ದ. ಪಂಪಿನ ಹತ್ತಿರ ನನ್ನನ್ನು ಬಿಡಲಿಲ್ಲ. ಅತ್ತೆ ಆಕ್ಸಿಲರೇಟರನ್ನು ಒಂದು ಸಲ ತುಳಿದು, ಬಲಗೈಯಲ್ಲಿ ಕೀಲಿ ತಿರುಗಿಸಿದರು. ಎಡಗೈ ತೊಡೆಯ ಮೇಲೆ ಸುಮ್ಮನೆ ಕೂತಿತ್ತು. ಎಂಜಿನ್ ಎದ್ದು ಅಬ್ಬರಿಸಿತು, ಎರಡು ನಿಮಿಷದಲ್ಲಿ ತಾನಾಗಿಯೇ ಇಳಿದು ಹದಕ್ಕೆ ಬಂತು. "ಉಸಿರು ಸಮ ಆಯ್ತು ಟೀಚರ್ರೇ," ಎಂದ ಅಣ್ಣಪ್ಪ. ಅತ್ತೆ ಬಂದ್ ಮಾಡಿ ಮತ್ತೆ ಚಾಲೂ ಮಾಡಿದರು. ಮತ್ತೆ ಬಂದ್, ಮತ್ತೆ ಚಾಲೂ. ಬ್ಯಾಟರಿ ಹೋಗುತ್ತದೆ ಎಂದು ಅಣ್ಣಪ್ಪ ಬೇಡಿಕೊಳ್ಳುವವರೆಗೂ ಆ ಸಂಭ್ರಮ ನಡೆಯಿತು.

ಅವತ್ತೇ ನರಸಿಂಹರಾಜಪುರದವರೆಗೆ ಹೋಗಿಬಂದೆವು. ನಾಯಿಯ ಹಾಗೆ ಮೂಸುತ್ತ ಕೂರಬೇಡ, ಕಿಟಕಿಯ ಹೊರಗೆ ನೋಡು ಎಂದು ದಾರಿಯುದ್ದಕ್ಕೂ ಬೈಸಿಕೊಂಡೆ. ಆಮೇಲೂ ಎಷ್ಟೋ ರಾತ್ರಿ ಎದ್ದು, ಬರಿಗಾಲಲ್ಲಿ ಶೆಡ್ಡಿಗೆ ಹೋಗಿ ಎಂಜಿನ್ನಿನ ಅಡಿಯ ನೆಲ ಮುಟ್ಟಿ ನೋಡಿ ಬಂದು ಮಲಗುತ್ತಿದ್ದೆ.

ಪರೀಕ್ಷೆಗೆ ಮುಂಚಿನ ಶುಕ್ರವಾರ ಎಚ್ಚರವಾದಾಗ ಬಿಸಿಲು ನನ್ನ ಹೊಟ್ಟೆಯ ಮೇಲಿತ್ತು. ಎಂಟೂವರೆ. ದಡಬಡಿಸಿ ಎದ್ದು ಕಿಟಕಿಯಿಂದ ನೋಡಿದರೆ, ಕೆಳಗಿನ ಶೆಡ್ಡು ಖಾಲಿ. ನನ್ನ ತಲೆದಿಂಬಿಗೆ ಹತ್ತೇ ಮಾರು ದೂರದಲ್ಲಿ ಆ ಹಳೆಯ ಕಾರು ಅಬ್ಬರಿಸಿ ಎದ್ದಿದೆ, ಅತ್ತೆ ಒಬ್ಬರೇ ಅದನ್ನು ಹಿಮ್ಮುಖವಾಗಿ ಗೇಟು ದಾಟಿಸಿ ಮೆಣಸೆಯ ದಾರಿ ಹಿಡಿದಿದ್ದಾರೆ. ನನಗೆ ಯಾವುದೂ ಕೇಳಿಸಿಲ್ಲ. ಆಮೇಲೆ ನಾನು ಕಾಲೇಜಿಗೆ ಬೇಕಾದಷ್ಟು ಸಲ ತಡವಾಗಿ ಹೋಗಿದ್ದೇನೆ. ಅವತ್ತಿನಷ್ಟು ನೆಮ್ಮದಿಯಿಂದ ಹೋದದ್ದಿಲ್ಲ.