ಹಿಲ್ಮಾನವರ ಎರಡು ಬಾನಿ

ಹಿಲ್ಮಾ ನಿಸ್ಕನೆನ್ ಅವರನ್ನು ನಾನು ಮೊದಲು ಕಂಡದ್ದು ಒಂದು ಜನವರಿಯ ಬೆಳಿಗ್ಗೆ. ಸುಪೀರಿಯರ್ ಸರೋವರದ ದಂಡೆಯ ಈ ಊರಿನ ಶಾಲೆಗೆ ಮೇಷ್ಟರಾಗಿ ಬಂದು ಆಗ ಮೂರು ದಿನವಾಗಿತ್ತು. ಬಾಡಿಗೆ ಮನೆಯ ನಲ್ಲಿ ಹೆಪ್ಪುಗಟ್ಟಿತ್ತು. ಮುಖ ತೊಳೆಯುವಷ್ಟಾದರೂ ನೀರು ಕೇಳೋಣವೆಂದು ಪಕ್ಕದ ಮನೆಯ ಹಿತ್ತಿಲಿಗೆ ಹೋದೆ. ಅಲ್ಲಿ ಗಂಡಸರ ಕೋಟು ತೊಟ್ಟ ಹೆಂಗಸೊಬ್ಬರು ಕಪ್ಪು ರಬ್ಬರ್ ಬಾನಿಯೊಂದನ್ನು ಬೋರಲು ಹಾಕಿ, ಅದರ ಮೇಲೆ ಹತ್ತಿ ಬೂಟುಗಾಲಿನಲ್ಲಿ ತುಳಿಯುತ್ತಿದ್ದರು. ನಾಲ್ಕು ತುಳಿತಕ್ಕೆ ಬಾನಿಯೊಳಗಿನ ಮಂಜುಗಡ್ಡೆ ಬೀಸುವ ಕಲ್ಲಿನ ಹಾಗೆ ಇಡಿಯಾಗಿ ಕಳಚಿಕೊಂಡು ಹೊರಗೆ ಬಿತ್ತು.

ನೀರು ಬೇಕಾಗಿತ್ತು ಎಂದೆ. ಅವರು ನನ್ನತ್ತ ತಿರುಗಿಯೂ ನೋಡಲಿಲ್ಲ.

"ನಿಮಗೊಬ್ಬರಿಗೇನಾ? ಅಗೋ, ಆರು ಜನ ನಿಮಗಿಂತ ಮುಂಚೆಯಿಂದ ಕಾಯ್ತಿದ್ದಾರೆ. ಮೊದಲು ಆ ಬಕೆಟ್ ಎತ್ತಿ."

ಆರು ಜನವೆಂದರೆ ಆರು ಬಾತುಕೋಳಿಗಳು. ಹುಲ್ಲು ಹಾಸಿದ ಗೂಡಿನ ಬಾಗಿಲಲ್ಲಿ ಸಾಲಾಗಿ ನಿಂತು, ಕತ್ತು ಚಾಚಿ ಬಕೆಟ್ಟನ್ನೇ ನೋಡುತ್ತಿದ್ದವು. ಆ ದಿನ ಎತ್ತಿದ ಬಕೆಟ್ಟನ್ನು ಅಲ್ಲಿಂದ ಮುಂದಿನ ಇಪ್ಪತ್ತೆಂಟು ಚಳಿಗಾಲ ನಾನು ಆಗಾಗ ಎತ್ತಿದ್ದೇನೆ.

ಹಿಲ್ಮಾನವರು ನಮ್ಮ ಶಾಲೆಯ ಅಡುಗೆಯವರು. ಗುರುವಾರದ ಅವರ ಬಟಾಣಿ ಸೂಪಿಗಾಗಿ ಜ್ವರ ಬಂದ ಮಕ್ಕಳೂ ಶಾಲೆಗೆ ಬರುತ್ತಿದ್ದರು. ಮದುವೆಯಾದವರಲ್ಲ. ತಂದೆ ಕಟ್ಟಿದ ಮನೆ, ಹಿತ್ತಿಲಲ್ಲಿ ತಂದೆಯೇ ಮರದ ದಿಮ್ಮಿಗಳಿಂದ ಕಟ್ಟಿದ ಸೌನಾ, ರಸ್ತೆಯಾಚೆ ತಮ್ಮ ರೈನೊ; ಇಷ್ಟು ಅವರ ಸಂಸಾರ. ಈ ಊರಿನ ಫಿನ್‌ಲೆಂಡ್ ಮೂಲದವರ ಮನೆಗಳಲ್ಲಿ ಊಟದ ಮೇಜಿಲ್ಲದಿದ್ದರೂ ನಡೆದೀತು, ಶನಿವಾರ ಬೆವರಿ ಮೀಯುವ ಆ ಬಿಸಿ ಕೋಣೆ ಇಲ್ಲದೆ ನಡೆಯುವುದಿಲ್ಲ.

ಬಾತಿಗೆ ಚಳಿ ದೊಡ್ಡದಲ್ಲ, ನೀರು ದೊಡ್ಡದು ಎಂಬುದನ್ನು ನನಗೆ ಕಲಿಸಿದವರು ಅವರೇ. ನೀರಿಲ್ಲದೆ ಅದು ಕಾಳು ನುಂಗಲಾರದು; ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕಣ್ಣಿನವರೆಗೆ ತಲೆ ಮುಳುಗಿಸಲು ಆಗದಿದ್ದರೆ ಮೂಗಿನ ಹೊಳ್ಳೆ ಕಟ್ಟಿಕೊಳ್ಳುತ್ತದೆ. ಹಾಗೆಂದು ಕೊರೆಯುವ ಚಳಿಯಲ್ಲಿ ಈಜಲು ಬಿಟ್ಟರೆ ಗರಿಯ ಮೇಲೆಯೇ ನೀರು ಗಡ್ಡೆ ಕಟ್ಟುತ್ತದೆ. ಆದ್ದರಿಂದ ಬಾನಿಯ ಮೇಲೆ ಒಂದು ಹಲಗೆ, ಹಲಗೆಯಲ್ಲಿ ತಲೆ ಮಾತ್ರ ಹೋಗುವಂಥ ಆರು ತೂತು. ಬಾನಿಗಳು ಎರಡು. ಒಂದು ಹಿತ್ತಿಲಲ್ಲಿ ಹೆಪ್ಪುಗಟ್ಟುತ್ತಿದ್ದರೆ ಇನ್ನೊಂದು ಅಡುಗೆಮನೆಯಲ್ಲಿ ಕರಗುತ್ತಿರುತ್ತದೆ. ದಿನಕ್ಕೆ ನಾಲ್ಕು ಸಲ ಅದಲುಬದಲು. ಕಳಚಿದ ಗಡ್ಡೆಯ ಬಿಲ್ಲೆಗಳನ್ನು ಅವರು ಕಾಲುದಾರಿಯ ಪಕ್ಕಕ್ಕೆ ಒಂದರ ಮೇಲೊಂದು ಪೇರಿಸುತ್ತಿದ್ದರು. ಮಾರ್ಚಿಗೆ ಅದು ಸೊಂಟದೆತ್ತರದ ಗೋಡೆಯಾಗಿ, ಬಿಸಿಲಿಗೆ ನೀಲಿಯಾಗಿ ಹೊಳೆಯುತ್ತಿತ್ತು.

ಏಳು ವರ್ಷದ ಹಿಂದಿನ ಫೆಬ್ರವರಿಯಲ್ಲಿ ಗುರುವಾರ ಬೆಳಗಿನಿಂದ ಮಳೆ ಹುಯ್ದು, ಬಿದ್ದಲ್ಲೇ ಗಾಜಾಯಿತು. ಮರದ ಕೊಂಬೆಗಳು ತಂತಿಗಳ ಮೇಲೆ ಮುರಿದುಬಿದ್ದವು. ಮಧ್ಯಾಹ್ನಕ್ಕೆ ಊರಿಗೆಲ್ಲ ವಿದ್ಯುತ್ತು ಹೋಯಿತು. ಹಿಂದೆಯೇ ಉತ್ತರದ ಗಾಳಿ ಬಂದು ಚಳಿ ಸೊನ್ನೆಯಿಂದ ಇಪ್ಪತ್ತು ಡಿಗ್ರಿ ಕೆಳಗೆ ಇಳಿಯಿತು. ವಿದ್ಯುತ್ತಿಲ್ಲದಿದ್ದರೆ ಬಾವಿಯ ಪಂಪಿಲ್ಲ. ಪಂಪಿಲ್ಲದಿದ್ದರೆ ಹಿಲ್ಮಾನವರ ಮನೆಯಲ್ಲಿ ಒಂದು ಹನಿ ನೀರಿಲ್ಲ.

ಗುರುವಾರ ಮನೆಯಲ್ಲಿ ತುಂಬಿಟ್ಟಿದ್ದ ನೀರು ಮುಗಿಯಿತು. ಶುಕ್ರವಾರ ಸೌನಾದ ಒಲೆ ಉರಿಸಿ, ಒಲೆಗೆ ಅಂಟಿಕೊಂಡ ತೊಟ್ಟಿಯಲ್ಲಿ ಹಿಮ ಕರಗಿಸಿದರು. ದೊಡ್ಡ ಹಂಡೆ ಹಿಮಕ್ಕೆ ಒಂದು ಚೊಂಬು ನೀರು. ಅದನ್ನು ಹೊತ್ತು ಗಾಜಿನಂಥ ಅಂಗಳದಲ್ಲಿ ಐವತ್ತು ಹೆಜ್ಜೆ ನಡೆಯಬೇಕು. ಎರಡನೆಯ ಸಲವೇ ಜಾರಿ ಬಿದ್ದು ಸೊಂಟಕ್ಕೆ ಪೆಟ್ಟಾಯಿತು, ನೀರೆಲ್ಲ ಚೆಲ್ಲಿತು. ಬಾತುಗಳಿಗೆ ಆ ದಿನ ಸಿಕ್ಕಿದ್ದು ಕೊಕ್ಕು ಒದ್ದೆಯಾಗುವಷ್ಟು ಮಾತ್ರ. ಎಲ್ಲಕ್ಕೂ ಹಿರಿಯ ಬಾತು, ಅಜ್ಜಿ ಎಂದೇ ಅದರ ಹೆಸರು, ಕಾಳಿನ ಮುಂದೆ ಕತ್ತು ಮಡಚಿ ಕೂತುಬಿಟ್ಟಿತು. ಅದರ ಹೊಳ್ಳೆಗಳು ಕಟ್ಟಿಹೋಗಿದ್ದವು.

ಶನಿವಾರ ಮಧ್ಯಾಹ್ನದ ಹೊತ್ತಿಗೆ ನಾನು ಮೊಳೆ ಹೊಡೆದ ಬೂಟು ಹಾಕಿಕೊಂಡು ಅವರ ಹಿತ್ತಿಲಿಗೆ ಹೋದೆ. ಗೂಡು ಬರಿದಾಗಿತ್ತು. ಸೌನಾದ ಹೊಗೆಕೊಳವೆಯಿಂದ ಹೊಗೆ ಬರುತ್ತಿದ್ದುದನ್ನು ಕಂಡು ಅಲ್ಲಿಗೆ ಓಡಿದೆ.

ಹಿಲ್ಮಾನವರು ಸೌನಾದ ಕೆಳಗಿನ ಹಲಗೆಯ ಮೇಲೆ ಕೂತಿದ್ದರು. ಮಡಿಲಲ್ಲಿ ಒಂದು ಬಾತು, ಕಾಲ ಬಳಿ ಐದು. ಎಲ್ಲವೂ ನೆನೆದ ಚಿಂದಿಯ ಮುದ್ದೆಗಳ ಹಾಗಿದ್ದವು.

ಆದದ್ದಿಷ್ಟು. ಬಾತುಗಳ ಬಳಿಗೆ ನೀರು ಹೊರಲಾಗದಿದ್ದರೆ ನೀರಿನ ಬಳಿಗೆ ಬಾತುಗಳನ್ನು ತರೋಣವೆಂದು ಅವರು ಒಂದೊಂದನ್ನೇ ಕೋಟಿನೊಳಗೆ ಇಟ್ಟುಕೊಂಡು, ಕೂತು ತೆವಳಿ, ಸೌನಾಕ್ಕೆ ಸಾಗಿಸಿದ್ದರು. ಬಾನಿಗೆ ಬೆಚ್ಚಗಿನ ನೀರು ಹುಯ್ದಿದ್ದರು. ತೂತಿನ ಹಲಗೆ ಗೂಡಿನ ಬಳಿಯೇ ಉಳಿದಿತ್ತು. ಎರಡು ದಿನ ಸರಿಯಾಗಿ ನೀರು ಕಾಣದ ಬಾತುಗಳು ಕುಡಿದು, ತಲೆ ಮುಳುಗಿಸಿ, ಹೊಳ್ಳೆ ಊದಿ ಸ್ವಚ್ಛ ಮಾಡಿಕೊಂಡವು. ಮರುಕ್ಷಣವೇ ಆರೂ ಒಂದರ ಮೇಲೊಂದು ಬಾನಿಗೆ ಹಾರಿದವು. ಮೀಯದೆ, ಗರಿ ತೀಡದೆ ಎಣ್ಣೆಯ ಪಸೆ ಹೋಗಿದ್ದ ಗರಿಗಳು ನೀರನ್ನು ತಡೆಯಲಿಲ್ಲ; ನೀರು ಚರ್ಮದವರೆಗೂ ಇಳಿಯಿತು.

"ನಾನು ಹುಟ್ಟಿದ್ದು ಈ ಹಲಗೆ ಮೇಲೆ, ಮೇಷ್ಟ್ರೇ," ಎಂದರು ಅವರು. "ಅಮ್ಮ ಹೋದಾಗ ತೊಳೆದು ಮಲಗಿಸಿದ್ದೂ ಇಲ್ಲೇ. ನಮ್ಮಲ್ಲಿ ಏನೇ ಆಗ್ಲಿ, ಸೌನಾಕ್ಕೆ ಬರೋದು. ಬಾತಿಗೂ ಅದೇ ಅಂದ್ಕೊಂಡೆ. ಮುದುಕಿಗೆ ಬುದ್ಧಿ ಇರಬೇಕಿತ್ತು."

ಅವರ ಧ್ವನಿ ನಡುಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ನೆನೆದ ಬಾತುಗಳನ್ನು ಹೊರಗೆ ಒಯ್ದರೆ ಕಾಲು ಗಂಟೆಯಲ್ಲಿ ಕಲ್ಲಾಗುತ್ತವೆ. ಒಣಗುವವರೆಗೆ ಒಲೆ ಆರಬಾರದು. ಒಲೆಯ ಪಕ್ಕದಲ್ಲಿ ಉಳಿದಿದ್ದದ್ದು ಏಳು ಸೌದೆ. ಹೊರಗಿನ ಸೌದೆ ರಾಶಿಯ ಮೇಲೆ ನಾಲ್ಕು ಬೆರಳು ದಪ್ಪದ ಗಡ್ಡೆ. ಕೊಡಲಿ ಏಟು ಹಾಕಿದೆ. ಕೊಡಲಿ ಪುಟಿದು ಬಂತು. ಹೇಗೋ ಕಿತ್ತು ತಂದ ಎರಡು ತುಂಡು ಒಲೆಯಲ್ಲಿ ಉರಿಯದೆ ಬರೀ ಹೊಗೆಯಾಡಿದವು. ಕಿಟಕಿಯ ಬಿಸಿಲು ಆಗಲೇ ವಾಲಿತ್ತು. ಸಂಜೆಗೆ ಚಳಿ ಸೊನ್ನೆಯಿಂದ ಮೂವತ್ತು ಡಿಗ್ರಿ ಕೆಳಗೆ ಇಳಿಯುವುದೆಂದು ರೇಡಿಯೋದಲ್ಲಿ ಹೇಳಿದ್ದರು.

ಒಣ ಬರ್ಚ್ ಸೌದೆ ಇದ್ದದ್ದು ರೈನೊ ಒಬ್ಬನ ಬಳಿ. ಮಾಡಿನಡಿ ಎರಡು ವರ್ಷ ಒಣಗಿಸಿ, ಶನಿವಾರದ ಸೌನಾಕ್ಕೆಂದೇ ಇಟ್ಟುಕೊಂಡ ಸೌದೆ. ಅದನ್ನು ಅವನು ಯಾರಿಗೂ ಮುಟ್ಟಿಸುತ್ತಿರಲಿಲ್ಲ. ಅಕ್ಕ ತಮ್ಮಂದಿರಿಗೆ ಕ್ರಿಸ್‌ಮಸ್‌ನಿಂದ ಮಾತಿರಲಿಲ್ಲ. ಆರು ಬಾತಿಗಾಗಿ ಬೆನ್ನು ಮುರಿದುಕೊಳ್ಳುವ ಬದಲು ಅವನ್ನ ಬೇಯಿಸೋಕೆ ಒಂದು ದೊಡ್ಡ ಕಡಾಯಿ ತಗೋ ಎಂದು ಅವನು ಊಟದ ನಡುವೆ ನಗೆಯಾಡಿದ್ದನಂತೆ. ಅವರು ಅವನ ತಟ್ಟೆ ಎತ್ತಿಕೊಂಡು ಹೋಗಿ ತೊಳೆದಿಟ್ಟಿದ್ದರಂತೆ.

ರೈನೊನನ್ನು ಕರೆಯಲೇ ಎಂದೆ. ಅವರು ಅಜ್ಜಿಬಾತಿನ ಕತ್ತು ಒರೆಸುತ್ತಲೇ ಇದ್ದರು. ಏಳು ಸೌದೆ ಐದಾಗಿತ್ತು. ಬೇಡ ಎನ್ನಲಿಲ್ಲವಲ್ಲ ಎಂದುಕೊಂಡು ನಾನು ಹೊರಟೆ.

ರಸ್ತೆ ದಾಟುವಷ್ಟರಲ್ಲಿ ಎರಡು ಸಲ ಬಿದ್ದೆ. ರೈನೊ ತನ್ನ ಸೌನಾದ ಮುಂದೆ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಒಲೆಗೆ ಸೌದೆ ಜೋಡಿಸಿ, ಕಡ್ಡಿ ಗೀರುವುದರಲ್ಲಿದ್ದ. ನಾನು ವಿಷಯ ಹೇಳಿದೆ. ಅವನು ಕಡ್ಡಿಯನ್ನು ಪೆಟ್ಟಿಗೆಗೆ ಹಿಂತಿರುಗಿಸಿದ. ಜೋಡಿಸಿದ್ದ ಸೌದೆಯನ್ನು ಒಂದೊಂದಾಗಿ ಹೊರಗೆ ಎಳೆದ. ಜಾರುಬಂಡಿಗೆ ಅದನ್ನೂ, ಮಾಡಿನಡಿಯದನ್ನೂ ಹೇರಿದ.

ನಾವು ಬಂದಾಗ ಒಲೆಯಲ್ಲಿ ಕೆಂಡ ಮಾತ್ರ ಉಳಿದಿತ್ತು. ರೈನೊ ಬಗ್ಗಿ ಬರ್ಚ್ ತೊಗಟೆ ಇಟ್ಟು ಊದಿದ. ಹಿಲ್ಮಾನವರು ಅವನನ್ನು ನೋಡಿದರು.

"ಕಡಾಯಿ ತಂದೆಯೇನೋ?"

"ಮರೆತು ಬಂದೆ, ಅಕ್ಕ. ಕೊಡು ಇಲ್ಲಿ ಒಂದನ್ನ."

ಅವನು ಹೆಗಲ ಮೇಲಿನ ಟವೆಲ್ಲಿನಲ್ಲಿ ಒಂದು ಬಾತನ್ನು ಸುತ್ತಿಕೊಂಡು ಕೂತ. ನಾನೊಂದನ್ನು ತೆಗೆದುಕೊಂಡೆ. ಉರಿ ಏರಿದರೆ ಬಾತುಗಳು ಕೊಕ್ಕು ತೆರೆದು ತೇಕುತ್ತಿದ್ದವು. ಬಾಗಿಲು ತೆರೆದರೆ ನಡುಗುತ್ತಿದ್ದವು. ಹಿಲ್ಮಾನವರು ಒಲೆಯನ್ನೂ ಬಾಗಿಲನ್ನೂ ನೋಡುತ್ತ, ಈಗ ಒಂದು ಸೌದೆ, ಈಗ ಬಾಗಿಲು ಒಂದು ಗೇಣು, ಈಗ ಮುಚ್ಚಿ ಎಂದು ಸಣ್ಣ ದನಿಯಲ್ಲಿ ಹೇಳುತ್ತಿದ್ದರು. ಹೊತ್ತು ಮುಳುಗುವ ವೇಳೆಗೆ ಐದು ಬಾತುಗಳ ಗರಿ ಉಬ್ಬಿ ಬಿಡಿಬಿಡಿಯಾದವು. ಅಜ್ಜಿ ಮಾತ್ರ ಕಣ್ಣು ಮುಚ್ಚಿತ್ತು. ಹಿಲ್ಮಾನವರು ಅದನ್ನು ಕೋಟಿನೊಳಗೆ ಎದೆಗೆ ಒತ್ತಿಕೊಂಡರು. ಒಲೆ ಚಟಗುಟ್ಟುವುದೊಂದೇ ಸದ್ದು.

ಎಷ್ಟು ಹೊತ್ತೋ ತಿಳಿಯದು. ಕೋಟಿನ ಕೊರಳಿನಿಂದ ಕೊಕ್ಕೊಂದು ಹೊರಬಂದು ಹಿಲ್ಮಾನವರ ಗದ್ದವನ್ನು ಕುಕ್ಕಿತು. ಅವರು ಸೌಟಿನಲ್ಲಿ ನೀರು ಹಿಡಿದರು. ಅಜ್ಜಿ ಕೊಕ್ಕು ಅದ್ದಿ, ಕತ್ತು ಮೇಲೆತ್ತಿ ನುಂಗಿತು, ಮತ್ತೆ ಅದ್ದಿತು. ರೈನೊ ಗೋಡೆಯ ಕಡೆ ತಿರುಗಿ ಮೂಗು ಒರೆಸಿಕೊಂಡ. ಹೊಗೆ ಜಾಸ್ತಿಯಾಯಿತು ಎಂದ. ಹೊಗೆ ಇರಲಿಲ್ಲ.

ಭಾನುವಾರ ಮಧ್ಯಾಹ್ನ ವಿದ್ಯುತ್ತು ಬಂತು. ಅಲ್ಲಿಯವರೆಗೆ ಬಾತುಗಳು ಸೌನಾದ ಮುಂಚಾವಡಿಯಲ್ಲಿ, ಒಣಹುಲ್ಲಿನ ಮೇಲೆ, ಹಲಗೆ ಮುಚ್ಚಿದ ಬಾನಿಯ ಸುತ್ತ ಇದ್ದವು. ಆ ಬೇಸಿಗೆಯಲ್ಲಿ ರೈನೊ ಹಳೆಯ ಬಾವಿಗೆ ಕೈಪಂಪು ಕೂರಿಸಿದ. ಅಜ್ಜಿಬಾತು ಇನ್ನೆರಡು ವರ್ಷ ಬದುಕಿತ್ತು.

ಹಿಲ್ಮಾನವರಿಗೆ ಈಗ ಎಂಬತ್ತಮೂರು. ಸೊಂಟದ ಶಸ್ತ್ರಚಿಕಿತ್ಸೆಯಾಗಿದೆ, ಬಕೆಟ್ ಎತ್ತುವಂತಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಈ ಚಳಿಗಾಲ ದಿನಕ್ಕೆ ನಾಲ್ಕು ಸಲ ನೀರು ಹೊರುವವನು ರೈನೊ. ಅವನಿಗೆ ಮೈ ಸರಿ ಇಲ್ಲದ ದಿನ ನಾನು. ಅವರು ಅಡುಗೆಮನೆಯ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಿನ್ನೆ ನಾನು ಬಾನಿ ತುಂಬಿ ತಿರುಗಿದೆ. ಕಿಟಕಿಯ ಗಾಜಿನ ಮೇಲೆ ಊರುಗೋಲಿನ ಟಕಟಕ ಕೇಳಿಸಿತು. ಅವರು ಕೈಯಿಂದ ಚೌಕ ಬರೆದು ತೋರಿಸುತ್ತಿದ್ದರು. ಹಲಗೆ ಇಡುವುದನ್ನು ಮರೆತಿದ್ದೆ.